ರೈಫಲ್ ಇರೋ ಸೈನಿಕಂಗೆ ಕೈಕೈ ಮಿಲಾಯಿಸೋದು ಯಾಕ್ ಕಲಿಸ್ತಾರೆ?

ದಾವಣಗೆರೆಲಿ ಜೂಡೋ ಕ್ಲಾಸ್ ನಡೆಸ್ತೀನಿ ಅಂದ ಕೂಡ್ಲೇ ಜನ ಕೇಳೋದು ಇದನ್ನೇ, ಸರ್ ಈಗೆಲ್ಲಾ ಡ್ರೋನು ಮಿಸೈಲು ಕಾಲ, ಮಿಲಿಟರಿಯವ್ರಿಗೆ ಮಾರ್ಷಲ್ ಆರ್ಟ್ಸ್ ಮಾಸ್ಟರ್ ಕಲಿಸೋಕೆ ಏನೈತಿ ಅಂತ. ರ‍್ಯಾಲಿಗೆ ಅಂದ್ರೆ ಸೈನ್ಯದ ಭರ್ತಿಗೆ ಹೋಗೋ ಹುಡುಗ್ರದ್ದು ಇನ್ನೊಂದು, ಬ್ಲ್ಯಾಕ್ ಬೆಲ್ಟ್ ಇದ್ರೆ ಸೆಲೆಕ್ಟ್ ಆಗ್ತೀವಾ?

ಮೊದಲನೇದಕ್ಕೆ ಲಡಾಖ್ ಗಡಿಯ ಗಲ್ವಾನ್ ಕಣಿವೆ ಸಾಕು. 1996ರ ಭಾರತ-ಚೀನಾ ಒಪ್ಪಂದದ ಪ್ರಕಾರ ಎಲ್ಎಸಿ, ಅಂದ್ರೆ ಎರಡೂ ದೇಶದ ಸೈನ್ಯದ ನಡುವಿನ ಹತೋಟಿ ಗೆರೆಯಿಂದ 2 ಕಿಲೋಮೀಟರ್ ಒಳಗೆ ಗುಂಡು ಹಾರಿಸೋ ಹಂಗಿಲ್ಲ. 2020ರ ಜೂನ್ 15ರ ರಾತ್ರಿ ಅಲ್ಲಿ ಕಲ್ಲು, ರಾಡು, ಬರಿಗೈಲೇ ಹೊಡೆದಾಟ ಆಗಿ ನಮ್ಮವ್ರು 20 ಜನ ಪ್ರಾಣ ಕೊಟ್ರು.

ಆದ್ರೆ ಏನ್ ಕಲಿಸ್ತಾರೆ ಅನ್ನೋ ವಿಷಯದಲ್ಲಿ ಸಿನಿಮಾ ನಮ್ ತಲೆ ಕೆಡಿಸೈತಿ. ಶಾಂಘೈ ಪೊಲೀಸಲ್ಲಿದ್ದ ಫೇರ್‌ಬೇರ್ನ್ ಅನ್ನೋ ಬ್ರಿಟಿಷ್ ಆಫೀಸರ್ ಜುಜುತ್ಸು ಅನ್ನೋ ಜಪಾನಿ ಬರಿಗೈ ಕಾಳಗದ ವಿದ್ಯೆ ಅರೆದು ಕುಡಿದೋನು, 1940ರಲ್ಲಿ ಬ್ರಿಟಿಷ್ ಕಮಾಂಡೋಗಳಿಗೆ ಕಲಿಸೋಕೆ ನಿಂತಾಗ ಕೈಯಂಚಿನ ಏಟು, ಗದ್ದಕ್ಕೆ ಅಂಗೈ ಗುದ್ದು, ಮೊಣಕಾಲು, ಹಿಂಗೆ ಕೆಲವೇ ಕೆಲವು ಏಟಿಗೆ ಜೋರು ಕೊಟ್ಟ, ಯುದ್ಧ ಬಾಗಿಲಿಗೆ ಬಂದಾಗ ಹತ್ತು ವರ್ಷದ ವಿದ್ಯೆ ಹೇಳ್ಕೊಡೋಕೆ ಟೈಮೆಲ್ಲೈತಿ. 1995ರಲ್ಲಿ ಅಮೆರಿಕ ಸೈನ್ಯದ ವಿಶೇಷ ಪಡೆಯಾದ ರೇಂಜರ್ ಬೆಟಾಲಿಯನ್‌ನವ್ರು ಬ್ರೆಜಿಲ್‌ನ ಗ್ರೇಸಿ ಮನೆತನದ ಜುಜುತ್ಸು ಹಿಡಿದ್ರು, ಅದ್ರಲ್ಲಿ ಏಟಿಗಿಂತ ಹಿಡಿತನೇ ಜಾಸ್ತಿ. ಕಣ್ಣಿಗೆ ಚುಚ್ಚೋದನ್ನ ದಿನಾ ಜೊತೆಗಾರನ ಮೇಲೆ ಪ್ರಾಕ್ಟೀಸ್ ಮಾಡೋಕಾಗಲ್ಲ, ಹಿಡಿತ ಆದ್ರೆ ಪೂರ್ತಿ ಜೋರಲ್ಲಿ ಹಾಕ್ಬಹುದು, ಅವ್ನು ಕೈ ತಟ್ಟಿದ್ರೆ ಬಿಟ್ರಾಯ್ತು. ನಮ್ಮೂರ ಗರಡಿಮನೆ ಪೈಲ್ವಾನ್ರಿಗೆ ಇದೇನ್ ಹೊಸ ಸುದ್ದಿ ಅಲ್ಲ ಬಿಡಿ. ಆ ರೇಂಜರ್ ಟ್ರೈನಿಂಗ್ ಶುರು ಮಾಡಿದ ಮ್ಯಾಟ್ ಲಾರ್ಸೆನ್ ಹೇಳೋದೇನಂದ್ರೆ, ಯಾರ ಗೆಳೆಯ ಗನ್ ಹಿಡ್ಕಂಡು ಮೊದ್ಲು ಬರ್ತಾನೋ ಅವ್ನೇ ಗೆಲ್ಲೋದು. ಅಲ್ಲಿತನಕ ತಡ್ಕಳದು ಸೈನಿಕನ ಕೆಲಸ, ಅದನ್ನ ಕಲಿಸೋದು ಮಾಸ್ಟರ್ ಕೆಲಸ.

ಸಿನಿಮಾ ಪಟ್ಟು ಸೈನಿಕನ ಭಾರ ಹೊತ್ತಾಗ ನಡೆಯಲ್ಲ ಅಂದ್ರೆ ನಂಬದೇ ಇರೋ ಹುಡುಗ್ರಿಗೆ ಮರಳು ತುಂಬಿದ ಸ್ಕೂಲ್ ಬ್ಯಾಗ್ ಎದೆ ಮೇಲೆ ಉಲ್ಟಾ ಹಾಕ್ಸಿ, ಹೆಲ್ಮೆಟ್ ಇಡ್ಸಿ, ರೈಫಲ್ ಬದ್ಲು ಹೆಗಲಿಗೆ ಪಟ್ಟಿ ಕಟ್ಟಿದ ಕೋಲು ನೇತಾಕ್ತೀನಿ. ದಿನಾ ಸಲೀಸಾಗಿ ಎತ್ತಿ ಒಗೆಯೋನು ಈಗ ತಿರುಗಿ ಸೊಂಟ ಕೊಟ್ರೆ ಮಧ್ಯ ಬ್ಯಾಗ್ ಅಡ್ಡ, ಸೊಂಟಕ್ಕೆ ಸೊಂಟ ತಾಗೋದೇ ಇಲ್ಲ. ಪಟ್ಟಿ ಹಿಡ್ದು ಎಳೆದ್ರೆ ಕುತ್ತಿಗೆ ಸಮೇತ ಬಗ್ತಾನೆ, ಅಂಗಾತ ಬಿದ್ದ ಅಂದ್ರೆ ಆಮೆನೇ. ತಲೆ ಎತ್ತರಕ್ಕೆ ಒದೆಯೋದಂತೂ ಮರ್ತೇ ಬಿಡ್ರಿ.

ದುರ್ಗದ ಗೆಳೆಯರು ಇಲ್ಲಿ ಓಬವ್ವನ್ನ ತರ್ತಾರೆ, ತರ್ಲಿ. ಕಿಂಡಿಯಿಂದ ಹೈದರಾಲಿ ಸೈನಿಕರು ಒಬ್ಬೊಬ್ರೇ ತೂರ್ಕಂಡು ಬರ್ಬೇಕು, ಎದ್ದು ನಿಲ್ಲೋ ಮೊದ್ಲೇ ಒನಕೆ ಏಟು. ಅವಳ ಧೈರ್ಯದ ಜೊತೆ ಆ ಜಾಗನೂ ಯುದ್ಧ ಮಾಡ್ತು, ನಾನು ಕ್ಲಾಸಲ್ಲಿ ಇದನ್ನೇ ಎತ್ತಿ ಹೇಳ್ತೀನಿ.

ಇನ್ನ ರ‍್ಯಾಲಿ ವಿಷಯ. ಅಗ್ನಿವೀರ್ ಗ್ರೌಂಡಲ್ಲಿ ನೋಡೋದು 1.6 ಕಿಲೋಮೀಟರ್ ಓಟ, ಪುಲ್ ಅಪ್ಸ್, 9 ಅಡಿ ಹಳ್ಳ ಜಿಗಿಯೋದು, ಬೀಮ್ ಮೇಲೆ ನಡೆಯೋದು. ನಿನ್ ಬೆಲ್ಟ್ ಬಣ್ಣ ಯಾರೂ ಕೇಳಲ್ಲ ತಮ್ಮಾ, ಮೊದ್ಲು ಬೆಳಗ್ಗೆ ಹೈಸ್ಕೂಲ್ ಮೈದಾನದಲ್ಲಿ ಓಡು, ಸಂಜೆ ಕ್ಲಾಸಿಗೆ ಬಾ ಅಂತೀನಿ.