ಲಾರಿ ಇಲ್ಲಿ, ಲೆಕ್ಕ ಅಲ್ಲಿ

ಡಿಸೆಂಬರ್ 12, 2025, ಶುಕ್ರವಾರ
ವಡಗಾವಿ, ಬೆಳಗಾವಿ. ರಾತ್ರಿ ಹತ್ತೂವರೆ

ಸಾಹೇಬರಿಗೆ ನಾಳೆ ಮುಂಜಾನೆಯೊಳಗೆ ಎರಡು ಪುಟ ಬರೆದು ಕೊಡಬೇಕು. ‘ಮಾನ್ಯರೇ’ ಅಂತ ಬರೆದೆ. ಅದರ ಕೆಳಗೊಂದು ಗೆರೆ ಎಳೆದೆ. ಪೆನ್ನು ಬದಲಿಸಿ ಇನ್ನೊಂದು ಗೆರೆ ಎಳೆದೆ. ಅಲ್ಲಿಗೆ ನಿಂತಿತು. ಈಗ ಇಲ್ಲಿ ಬಂದು ಕೂತಿದ್ದೇನೆ.

ಜನವರಿಯಿಂದ ಹೊಸ ಸಮೀಕ್ಷೆ ಶುರು ಮಾಡುವುದಾಗಿ ಕೇಂದ್ರದ ಅಂಕಿಅಂಶ ಸಚಿವಾಲಯ ಹೇಳಿದೆ. ಸೇವಾ ವಲಯದ ಕಂಪನಿಗಳದು, ದೇಶದ ತುಂಬ, ವರ್ಷಾ ವರ್ಷ. ಪ್ರೈವೇಟ್ ಲಿಮಿಟೆಡ್, ಪಬ್ಲಿಕ್ ಲಿಮಿಟೆಡ್, ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಇವಿಷ್ಟು. ‘ಸರ್ವೆಕ್ಕ ಬಾಗಲಾ ಬಡಿಯೋರು ನೀವು. ಎಲ್ಲಿ ಎಡವತೀರಿ ಅನ್ನೋದು ನಿಮಗ ಗೊತ್ತು. ಬರದು ಕೊಡ್ರಿ’ ಎಂದು ಸಾಹೇಬರು ಸೋಮವಾರ ಹೇಳಿದ್ದರು. ಅದು ದಿಲ್ಲಿ ಮುಟ್ಟುತ್ತದೋ, ಅವರ ಡ್ರಾವರಿನ ತಳ ಮುಟ್ಟುತ್ತದೋ, ದೇವರೇ ಬಲ್ಲ. ಆದರೂ ಯಾರೋ ಕೇಳಿದರಲ್ಲ ಅಂತ ನಾಲ್ಕು ದಿನದಿಂದ ತಲೆಯಲ್ಲೇ ಬರೆಯುತ್ತಿದ್ದೆ. ಇವತ್ತು ಲಾರಿ ಕಾಕಾ ಸಿಕ್ಕ ಮೇಲೆ ಅದೆಲ್ಲ ಅಳಿಸಿಹೋಯಿತು.

ಲಾರಿ ಕಾಕಾನ ಬಗ್ಗೆ ಹಿಂದೆ ಬರೆದಿದ್ದೆ. ಬೈಲಹೊಂಗಲ ಕಡೆಯವರು. ಆಟೋ ನಗರದ ಹತ್ತಿರ ತಗಡಿನ ಶೆಡ್ಡು, ಗೋಡೆಗೆ ಸಿದ್ಧಾರೂಢರ ಫೋಟೋ, ಫೋಟೋದ ಮೇಲೆ ಲಾರಿ ಚಾವಿಗಳ ಗೊಂಚಲು. ಎರಡು ವರ್ಷದ ಹಿಂದೆ, ಕಂಪನಿಯಲ್ಲದ ಸಣ್ಣ ಧಂದೆಗಳ ನನ್ನ ಸಮೀಕ್ಷೆಯಲ್ಲಿ ಅವರ ಶೆಡ್ಡು ಬಂದಿತ್ತು. ಮೊದಲ ದಿನ ‘ಸೇಲ್ಸ್ ಟ್ಯಾಕ್ಸಿನೋರೇನು?’ ಅಂತ ಬಾಗಿಲಲ್ಲೇ ನಿಲ್ಲಿಸಿದ್ದರು. ಮೂರನೇ ಭೇಟಿಗೆ ಕುರ್ಚಿ ಒರೆಸಿ ಕೊಟ್ಟಿದ್ದರು. ಇವತ್ತು ಆ ಓಣಿಯಲ್ಲೇ ಕೆಲಸವಿತ್ತು. ಸುಮ್ಮನೆ ಹಣಕಿ ಹಾಕಿದೆ.

ಬೋರ್ಡು ಬದಲಾಗಿತ್ತು. ಹೆಸರಿನ ಮುಂದೆ ‘ಪ್ರೈವೇಟ್ ಲಿಮಿಟೆಡ್’, ಕೆಳಗೆ ಜಿಎಸ್‌ಟಿ ನಂಬರು.

‘ಬಾ ತಂಗಿ, ಈ ಸಲಾನೂ ಬರಕೋ’ ಎಂದರು, ಟ್ಯಾಬ್ ಕಡೆ ಕೈ ತೋರಿಸಿ.

‘ಇಲ್ಲ ಕಾಕಾ, ಈಗ ನೀವು ನಮಗ ಬರಂಗಿಲ್ಲ. ಕಂಪನಿ ಆಗೀರಿ.’

ತಮಾಷೆಗೆ ಹೇಳಿದ್ದೆ. ಅವರ ಮುಖ ಸಣ್ಣದಾಯಿತು. ‘ಅಂದ್ರ? ಒಂದ ಟೆಂಪೋ ಇದ್ದಾಗ ಲೆಕ್ಕದಾಗ ಇದ್ನೆಲ್ಲಾ. ಈಗ ಒಂಬತ್ತ ಗಾಡಿ ಅದಾವು. ದೊಡ್ಡಾವಾದೆ ಅಂತ ಪಟ್ಟಿಯಾಗಿಂದ ತಗದ್ರೇನು?’

ಏನು ಉತ್ತರ ಕೊಡಲಿ? ತರಬೇತಿಯಲ್ಲಿ ಹೇಳಿಕೊಟ್ಟದ್ದು ಬಾಯಿಗೆ ಬಂತು, ಆದರೆ ಆ ತಗಡಿನ ಕೆಳಗೆ ಅದನ್ನು ಆಡಲು ನಾಚಿಕೆಯಾಯಿತು. ಹತ್ತು ಅಥವಾ ಹೆಚ್ಚು ಆಳು, ವಿದ್ಯುತ್ತು ಇರುವ ಕಾರ್ಖಾನೆಯಾದರೆ ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆಗೆ ಹೋಗುತ್ತದೆ. ಅಪ್ಪ ಉದ್ಯಮಬಾಗದ ಫೌಂಡ್ರಿಯಲ್ಲಿ ಎರಕ ಹೊಯ್ಯುತ್ತ, ತನಗೇ ಗೊತ್ತಿಲ್ಲದೆ, ಆ ಲೆಕ್ಕದಲ್ಲಿದ್ದ. ಕಂಪನಿಯಲ್ಲದ ಮಗ್ಗ, ಸಲೂನು, ಗಿರಣಿ, ಖಾನಾವಳಿ, ಒಂಟಿ ಟೆಂಪೋ ಎಲ್ಲ ನಮ್ಮ ಕಡೆಗೆ. 2023-24ರ ಸಮೀಕ್ಷೆಯ ಪ್ರಕಾರ ಇಂಥವು ದೇಶದಲ್ಲಿ 7.34 ಕೋಟಿ. ಕಾರ್ಖಾನೆಯೂ ಅಲ್ಲದ, ನಮ್ಮ ಪಟ್ಟಿಗೂ ಬಾರದ, ಸೇವೆ ಮಾರುವ ಕಂಪನಿಯ ಬಾಗಿಲಿಗೆ ಮಾತ್ರ ವರ್ಷಾ ವರ್ಷ ಯಾರೂ ಹೋಗುತ್ತಿರಲಿಲ್ಲ. ಅವರು ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ಸಲ್ಲಿಸಿದ ಕಾಗದವೇ ಆಧಾರ. ದೇಶದ ಉತ್ಪನ್ನದ ಅರ್ಧಕ್ಕಿಂತ ಹೆಚ್ಚು ಸೇವೆಯಿಂದಲೇ ಬರುತ್ತದೆ ಅಂತ ನಾವು ಪರೀಕ್ಷೆಯಲ್ಲಿ ಬರೆದು ಪಾಸಾದವರು.

ಕಾಕಾನಿಗೆ ಇಷ್ಟೇ ಹೇಳಿದೆ: ‘ಜನವರಿಯಿಂದ ನಿಮ್ಮಂಥೋರಿಗೇ ಬ್ಯಾರೆ ಸರ್ವೆ ಬರತೈತಿ.’

‘ಹಂಗಾರ ಅದನ್ನೂ ನೀನೇ ಮಾಡ್ತೀ ಏನು?’

ಗೊತ್ತಿಲ್ಲ ಎಂದೆ. ನಮ್ಮ ಕಾಂಟ್ರ್ಯಾಕ್ಟು ಮಾರ್ಚಿಗೆ ಮುಗಿಯುತ್ತದೆ.

ಚಹಾ ಬಂತು. ಸಾಹೇಬರ ಎರಡು ಪುಟಕ್ಕೆ ಏನಾದರೂ ಸಿಕ್ಕೀತು ಅಂತ ಕೇಳುತ್ತಾ ಹೋದೆ. ಆಫೀಸು ಎಲ್ಲಿ? ‘ಇದ.’ ರಿಜಿಸ್ಟರ್ಡ್ ಆಫೀಸು? ‘ಅದು ಮಗನ ಫ್ಲ್ಯಾಟು, ಪುಣೆದಾಗ.’ ಜಿಎಸ್‌ಟಿ? ‘ಎರಡದಾವು, ಇಲ್ಲೀದೊಂದು, ಅಲ್ಲೀದೊಂದು.’ ಗಾಡಿ? ‘ಎಲ್ಲಾ ಕೆಎ 22, ಬೆಳಗಾವೀವು.’ ಡ್ರೈವರು? ‘ನಾಲ್ಕ ಮಂದಿ ಪಗಾರದವ್ರು, ಉಳದವ್ರು ಭತ್ಯಾದ ಮ್ಯಾಲ.’ ಡೀಸೆಲ್ಲು? ‘ಅಗ್ಗ ಎಲ್ಲಿ ಇರತೈತಿ ಅಲ್ಲಿ.’ ಬಾಡಿಗೆ? ‘ಕೊಲ್ಲಾಪುರದಾಗ ತುಂಬತೈತಿ, ಇಲ್ಲಿ ಹಾದು ಚೋರ್ಲಾ ಘಾಟ ಇಳದು ಗೋವಾದಾಗ ಖಾಲಿ ಆಗತೈತಿ.’ ಸರಿ, ಲೆಕ್ಕದ ಪುಸ್ತಕ?

ಕಾಕಾ ನಕ್ಕರು. ‘ಒಂದ ಐತಿ. ಪುಣೆ ಆಡಿಟರ್ ಕಡೆ. ಲಾರಿ ಇಲ್ಲಿ, ಲೆಕ್ಕ ಅಲ್ಲಿ.’

ಆಗಿನಿಂದ ಈ ಮಾತು ತಲೆಯೊಳಗೆ ನಮ್ಮ ಪಕ್ಕದ ಮನೆಯ ಪವರ್‌ಲೂಮಿನ ಹಾಗೆ ಕಟಕಟ ಅನ್ನುತ್ತಿದೆ.

ಯಾಕೆಂದರೆ ಹೊಸ ಸಮೀಕ್ಷೆಗೆ ಹೆಸರು ಆರಿಸುವುದೇ ಜಿಎಸ್‌ಟಿ ಪಟ್ಟಿಯಿಂದ. ಪೈಲಟ್, ಅಂದರೆ ಪ್ರಾಯೋಗಿಕ ಸಮೀಕ್ಷೆ, ಹಾಗೇ ಆಯಿತು. 2024ರ ಮೇನಿಂದ ಆಗಸ್ಟಿನವರೆಗೆ ಮೊದಲ ಹಂತ, ನವೆಂಬರಿನಿಂದ 2025ರ ಜನವರಿಯವರೆಗೆ ಎರಡನೆಯದು, ಅದರಲ್ಲಿ 10,005 ಉದ್ಯಮಗಳು. ಜಿಎಸ್‌ಟಿ ನಂಬರಿನ ಮೊದಲೆರಡು ಅಂಕಿ ರಾಜ್ಯದ್ದು. 29 ಅಂದರೆ ನಾವು, 27 ಮಹಾರಾಷ್ಟ್ರ, 30 ಗೋವಾ. ಕಾಕಾನ 29 ಚೀಟಿಯಲ್ಲಿ ಎದ್ದು ಬಂತು ಅಂತಿಟ್ಟುಕೊಳ್ಳಿ. ನಾನು ಈ ಶೆಡ್ಡಿಗೆ ಬರುತ್ತೇನೆ. ಕೇಳಬೇಕಾದ್ದು ಕರ್ನಾಟಕದ ದುಡಿಮೆ, ಕರ್ನಾಟಕದ ಖರ್ಚು, ಕರ್ನಾಟಕದ ಆಳು. ಪುಸ್ತಕದಲ್ಲಿ ಇರುವುದು ಒಟ್ಟು. ಕೊಲ್ಲಾಪುರ-ಗೋವಾ ಬಾಡಿಗೆಯಲ್ಲಿ ನಮ್ಮ ಪಾಲೆಷ್ಟು, ನಿಪ್ಪಾಣಿ ಟೋಲಿನಿಂದ ಘಾಟಿನ ತುದಿವರೆಗೆ ಕಿಲೋಮೀಟರು ಎಣಿಸಬೇಕೇ? ಆಡಿಟರ್ ಏನು ಮಾಡುತ್ತಾನೆ, ಫೋನಿನಲ್ಲಿ ‘ಅರ್ಧಾ ಬರೀರಿ ಮೇಡಂ’ ಅನ್ನುತ್ತಾನೆ. ಅರ್ಧ ಬರೆಯುತ್ತೇನೆ. ದಿಲ್ಲಿಯಲ್ಲಿ ಅದು ದಶಮಾಂಶದೊಂದಿಗೆ ಅಚ್ಚಾಗುತ್ತದೆ.

ಒಂದಕ್ಕಿಂತ ಹೆಚ್ಚು ಜಾಗದಲ್ಲಿ ಧಂದೆ ಇರುವವರು ಒಬ್ಬಿಬ್ಬರಲ್ಲ. ಪೈಲಟ್‌ನಲ್ಲಿ 28.5% ಉದ್ಯಮಗಳು ಅದೇ ರಾಜ್ಯದೊಳಗೇ ಇನ್ನೊಂದು ಜಾಗದಲ್ಲೂ ಧಂದೆ ಇದೆ ಅಂದವು. ಆ ಫಲಿತಾಂಶವನ್ನು ಅಂದಾಜು ಅಂತ ಬಳಸಬೇಡಿ, ಇದು ಪ್ರಯೋಗ ಮಾತ್ರ ಎಂದು ಸಚಿವಾಲಯದವರೇ ಹೇಳಿದ್ದರು. ಆ ಪ್ರಾಮಾಣಿಕತೆ ನನಗೆ ಹಿಡಿಸಿತ್ತು. ಆದರೆ ಅದರಲ್ಲೇ ಇನ್ನೊಂದು ವಿಷಯ ಇತ್ತು. 500 ಕೋಟಿಗಿಂತ ದೊಡ್ಡ ವಹಿವಾಟಿನ ಕಂಪನಿಗಳದ್ದೇ, ಧಂದೆ ಸೇರಿಸಿದ ಮೌಲ್ಯದಲ್ಲಿ, ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು. ಅಂದರೆ ದಿಲ್ಲಿಗೆ ನಿಜವಾಗಿ ಬೇಕಾದವರು ಅವರು. ಒಂಬತ್ತು ಗಾಡಿಯ ಕಾಕಾನ ಅರ್ಧ ತಪ್ಪಿದರೆ ದೇಶದ ಲೆಕ್ಕ ಅಲುಗಾಡುವುದಿಲ್ಲ. ಬೆಳಗಾವಿಯದು ಅಲುಗಾಡುತ್ತದೆ. ಇದನ್ನು ಸಾಹೇಬರಿಗೆ ಬರೆದರೆ ‘ಭಾವುಕ ಆಗಬ್ಯಾಡ್ರಿ’ ಅನ್ನುತ್ತಾರೆ, ಖಾತ್ರಿ.

ದಂಡದ ವಿಷಯವೂ ಬಂತು. 2008ರ ಕಾಯ್ದೆ ಇದೆ, ಮಾಹಿತಿ ಕೊಡದಿದ್ದರೆ ಸಾವಿರ ರೂಪಾಯಿವರೆಗೆ, ಕಂಪನಿಯಾದರೆ ಐದು ಸಾವಿರದವರೆಗೆ ದಂಡ ಎಂದೆ. ಬೆದರಿಸಲು ಅಲ್ಲ, ಮಾತಿಗೆ. ಕಾಕಾ ಹೊರಗೆ ಜ್ಯಾಕ್ ಮೇಲೆ ನಿಂತಿದ್ದ ಗಾಡಿ ಕಡೆ ನೋಡಿ, ‘ಐದ ಸಾವಿರಕ್ಕ ಒಂದ ಟೈರ್ ಬರಂಗಿಲ್ಲವಾ’ ಅಂದರು. ಅದೇ ಕಾಯ್ದೆಯಲ್ಲಿ ಅಂಕಿಅಂಶಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಈ ಮಾಹಿತಿ ಬಳಸಬಾರದು ಅಂತಲೂ ಇದೆ. ನಾನು ಎಲ್ಲ ಕಡೆ ಮೊದಲು ಹೇಳುವುದೇ ಅದನ್ನು. ‘ಜಿಎಸ್‌ಟಿ ಪಟ್ಟಿಯಿಂದ ನಿಮ್ಮ ಹೆಸರು ಬಂದೈತಿ’ ಅಂದು, ಮರುಗಳಿಗೆ ‘ಇದಕ್ಕೂ ಟ್ಯಾಕ್ಸಿಗೂ ಸಂಬಂಧ ಇಲ್ಲ’ ಅಂದರೆ ಯಾರು ನಂಬಬೇಕು? ಈ ಎರಡು ವಾಕ್ಯಗಳ ನಡುವೆ ಎಷ್ಟು ಉಸಿರು ಬಿಡಬೇಕು ಅನ್ನುವುದನ್ನು ಯಾವ ತರಬೇತಿಯೂ ಹೇಳಿಕೊಟ್ಟಿಲ್ಲ.

ನಡುವೆ ಇದನ್ನೂ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮರೆಯುತ್ತೇನೆ: ಅಧಿವೇಶನದ ಗದ್ದಲಕ್ಕೆ ಬಸ್ಸು ಎಲ್ಲೆಲ್ಲೋ ಸುತ್ತಿ ಸಿಬಿಟಿ ಬಸ್ ನಿಲ್ದಾಣ ಸೇರುವ ಹೊತ್ತಿಗೆ ಏಳೂಕಾಲು. ಕಿಟಕಿಯಿಂದ ನೋಡಿದರೆ ಪ್ರತಿ ಲಾಡ್ಜಿನ ಮುಂದೆ ಗನ್‌ಮ್ಯಾನುಗಳು, ಬಿಳಿ ಕಾರುಗಳು. ಹೋದ ವರ್ಷ ಒಬ್ಬ ಲಾಡ್ಜ್ ಮ್ಯಾನೇಜರ್ ನನಗೆ ಹೇಳಿದ್ದ, ‘ಮೇಡಂ, ಹೋದ ತಿಂಗಳದ್ದು ಕೇಳಬ್ಯಾಡ್ರಿ, ಅದು ಅಧಿವೇಶನದ ತಿಂಗಳ. ಹನ್ನೆರಡರಿಂದ ಗುಣಸಿದ್ರ ನಾನು ಅಂಬಾನಿ ಆಗ್ತೀನಿ.’ ನಮ್ಮದು ತಿಂಗಳ ಲೆಕ್ಕ ಕೇಳುವ ಸಮೀಕ್ಷೆ, ಹಾಗಾಗಿ ಈ ಪೇಚು. ಕಂಪನಿಗಳದ್ದು ಇಡೀ ಹಣಕಾಸು ವರ್ಷದ, ಆಡಿಟ್ ಆದ ಪುಸ್ತಕ ಇಟ್ಟುಕೊಂಡು ಕೇಳುವುದು. ಆ ಮಟ್ಟಿಗೆ ಹೊಸದು ಪುಣ್ಯ. ಕುಂದಾ ತರಲು ಅವ್ವ ಹೇಳಿದ್ದಳು, ಅದನ್ನು ಮರೆತೆ. ಬೈದಳು.

ಹಿರಿಯ ಸಾಹೇಬರಿಗೆ ಫೋನ್ ಮಾಡಿದ್ದೆ. ನಿವೃತ್ತರಾಗಿ ಮೂರು ವರ್ಷವಾದರೂ ‘ಹಲೋ’ ಬದಲು ‘ಬ್ಲಾಕ್ ನಂಬರ್ ಹೇಳ್ರಿ’ ಅನ್ನುತ್ತಾರೆ. 2016-17ರಲ್ಲಿ ಸೇವಾ ವಲಯದ ದೊಡ್ಡ ಸಮೀಕ್ಷೆ ಮಾಡಿದವರು ಅವರು, ರಾಷ್ಟ್ರೀಯ ಮಾದರಿ ಸಮೀಕ್ಷೆಯ 74ನೇ ಸುತ್ತು. ಆಗ ಕಂಪನಿ ಸಚಿವಾಲಯದ ಪಟ್ಟಿ ಹಿಡಿದು ಹೋಗಿದ್ದರು. ಆ ಪಟ್ಟಿಯ ಮೂರನೇ ಒಂದು ಪಾಲಿಗಿಂತ ಹೆಚ್ಚು ಹೆಸರು ಒಂದೋ ಸಿಗಲೇ ಇಲ್ಲ, ಇಲ್ಲವೇ ಸೇವೆಯ ಕಂಪನಿಯೇ ಅಲ್ಲ ಅಂತ ಆಯಿತು. 2019ರಲ್ಲಿ ವರದಿ ಹೊರಬಂದಾಗ ಜಿಡಿಪಿ ಲೆಕ್ಕದ ಮೇಲೇ ಜಗಳ ಎದ್ದಿತ್ತು. ‘ಹನುಮಾನ ನಗರದಾಗ ಒಂದ ಸಾಫ್ಟ್‌ವೇರ್ ಕಂಪನಿ ಹುಡುಕಿದ್ದೆ’ ಎಂದರು. ‘ವಿಳಾಸ ಪಕ್ಕಾ. ಬಾಗಲಾ ತಗದಾಕಿ ಒಬ್ಬಾಕಿ ಅಜ್ಜಿ. ಕಂಪನಿ ಅಂದ್ರ ಏನಪಾ ಅಂದ್ಲು. ಮೊಮ್ಮಗ ಬೆಂಗಳೂರಾಗ ಇರ್ತಾನ, ಅವನ ಪತ್ರಾ ಬರ್ತಾವು, ಇಟ್ಟೀನಿ ನೋಡು ಅಂತ ಗೋಧಿ ಡಬ್ಬಿ ಹಿಂದಿಂದ ತಗದು ಕೊಟ್ಲು. ನಮ್ಮ ಇಲಾಖೆ ನೋಟೀಸು! ಮೂರು. ಒಡದಿದ್ದಿಲ್ಲ.’

ಜಿಎಸ್‌ಟಿ ಪಟ್ಟಿ ಅದಕ್ಕಿಂತ ಜೀವಂತ, ಒಪ್ಪಿದೆ. ತೆರಿಗೆ ಕಟ್ಟುವವನು ಎಲ್ಲೋ ಉಸಿರಾಡುತ್ತಿರಲೇಬೇಕು. ಆದರೆ ಆಸ್ಪತ್ರೆಯ ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ, ಶಾಲೆಯ ಫೀಸಿಗೆ ಇಲ್ಲ. ಅದನ್ನಷ್ಟೇ ಮಾಡುವವರು ಆ ನಂಬರು ತೆಗೆದುಕೊಳ್ಳಲೇಬೇಕಂತಿಲ್ಲ. ಟ್ಯೂಶನ್ ಕ್ಲಾಸು ಪಟ್ಟಿಯಲ್ಲಿ ಇರುತ್ತದೆ, ನರ್ಸಿಂಗ್ ಹೋಮು ಇಲ್ಲದೆಯೂ ಇರಬಹುದು. ಬೆಳಗಾವಿ ಅಂದರೆ ಸುತ್ತ ನಾಲ್ಕು ಜಿಲ್ಲೆಗೆ ದವಾಖಾನೆಯ ಊರು. ಸಾಹೇಬರೇ, ಅವರನ್ನು ಎಲ್ಲಿಂದ ಹುಡುಕಬೇಕು? ಇದು ಒಳ್ಳೆಯ ಪಾಯಿಂಟು. ಇದನ್ನು ಒಂದನೇ ನಂಬರಿಗೆ ಹಾಕಬೇಕು. ಎರಡನೆಯದು ಕಾಕಾನ ಪುಸ್ತಕ. ಮೂರನೆಯದು ಅಜ್ಜಿ.

ನಾಲ್ಕನೆಯದು ಬರೆಯಲೋ ಬೇಡವೋ.

ಹೊರಡುವಾಗ ಕಾಕಾ ಕೇಳಿದರು, ‘ನಿನ್ನ ಪಗಾರ ಸರಕಾರದಿಂದ ಬರತೈತೇನು ತಂಗಿ?’ ಇಲ್ಲ ಕಾಕಾ, ಏಜೆನ್ಸಿ ಮುಖಾಂತರ ಎಂದೆ. ಅಕ್ಟೋಬರಿನದು ಮೊನ್ನೆ ಬಂತು, ನವೆಂಬರಿನದು ಇನ್ನೂ ಇಲ್ಲ ಅಂತ ಹೇಳಲಿಲ್ಲ. ‘ಏಜೆನ್ಸಿ ಅಂದ್ರ ಕಂಪನೀನ?’ ‘ಹೌದ್ರಿ, ಪ್ರೈವೇಟ್ ಲಿಮಿಟೆಡ್.’ ‘ಎಲ್ಲೈತಿ?’

ಗೊತ್ತಿಲ್ಲ. ನಿಜವಾಗಲೂ ಗೊತ್ತಿಲ್ಲ. ಸಂದರ್ಶನ ಫೋನಿನಲ್ಲಿ, ಆರ್ಡರು ಇ-ಮೇಲಿನಲ್ಲಿ, ಹಾಜರಿ ಆ್ಯಪಿನಲ್ಲಿ. ಆಳು ಒದಗಿಸುವುದೂ ಸೇವೆಯೇ, ನಮ್ಮ ಕೋಡ್ ಪುಸ್ತಕದಲ್ಲಿ ಅದಕ್ಕೆ ಪ್ರತ್ಯೇಕ ಸಂಖ್ಯೆ ಇದೆ, ನಾನೇ ಎಷ್ಟೋ ಸಲ ಆ ಪುಟ ದಾಟಿದ್ದೇನೆ. ಅಂದರೆ ಜನವರಿಯಿಂದ ನಾನು ಎಣಿಸುವವಳಷ್ಟೇ ಅಲ್ಲ. ಯಾವುದೋ ಊರಿನ ಯಾವುದೋ ಆಫೀಸಿಗೆ ನನ್ನಂಥ ಇನ್ನೊಬ್ಬಳು ಟ್ಯಾಬ್ ಹಿಡಿದು ಹೋಗಿ, ‘ನಿಮ್ಮಲ್ಲಿ ಹೆಣ್ಣಾಳು ಎಷ್ಟು?’ ಅಂತ ಕೇಳಿದಾಗ, ಅವರು ಹೇಳುವ ಸಂಖ್ಯೆಯಲ್ಲಿ ನಾನು ಒಂದು. ಅಥವಾ ಆಡಿಟರ್ ಫೋನಿನಲ್ಲಿ ‘ಅರ್ಧಾ ಬರೀರಿ’ ಅಂದಾಗ ಬಿಟ್ಟುಹೋಗುವ ಅರ್ಧದಲ್ಲಿ.

ನನ್ನ ಮೊದಲೆರಡು ಅಂಕಿ ಯಾವುದು? 29 ಇರಬಹುದು. 27? 07 ಇದ್ದರೆ ದಿಲ್ಲಿ. ದಿನಾ ವಡಗಾವಿಯಿಂದ ಕಣಬರ್ಗಿಯವರೆಗೆ ಓಡಾಡಿ ದಿಲ್ಲಿಯ ಉತ್ಪನ್ನ ಹೆಚ್ಚಿಸುತ್ತಿದ್ದೇನೆಯೇ? ಮೊದಲ ವರ್ಷದ ಆರ್ಡರ್ ಕಾಪಿಯನ್ನು ಪ್ರಿಂಟ್ ತೆಗೆಸಿ ಇಟ್ಟಿದ್ದೆ. ಅದರ ತಲೆಬರಹದಲ್ಲಿ ನಂಬರು ಇದ್ದ ನೆನಪು. ಪ್ರಿಂಟು ಒಳಗಿನ ಕೋಣೆಯ ಟ್ರಂಕಿನಲ್ಲಿದೆ, ಅವ್ವ ಈಗಷ್ಟೇ ಮಲಗಿದ್ದಾಳೆ, ಆ ಟ್ರಂಕಿನ ಮುಚ್ಚಳವೋ ಓಣಿಗೆಲ್ಲ ಕೇಳುತ್ತದೆ. ಪಕ್ಕದ ಮನೆಯ ಮಗ್ಗ ಇನ್ನೂ ನಿಂತಿಲ್ಲ, ಅದರ ಸದ್ದಿನಲ್ಲಿ ಮೆಲ್ಲಗೆ ತೆಗೆದರೆ