ಕ್ರೀಡಾ ಸೈಟನ್ನು ಮೊಬೈಲಿಗೆ ಒಗ್ಗಿಸುವುದು: ಮೊದಲು ಸ್ಕೋರ್, ಉಳಿದದ್ದು ಆಮೇಲೆ

ಪಂದ್ಯ ನಡೆಯುತ್ತಿರುವಾಗ ಕ್ರೀಡಾ ಸುದ್ದಿ ಸೈಟ್ ತೆರೆಯುವವರು ಸಾಮಾನ್ಯವಾಗಿ ಓದಲು ಬಂದಿರುವುದಿಲ್ಲ. ಎಷ್ಟಾಯಿತು, ಎಷ್ಟು ಓವರ್ ಉಳಿದಿದೆ, ಗೋಲು ಹೊಡೆದವರು ಯಾರು, ಇಷ್ಟು ತಿಳಿದರೆ ಫೋನ್ ಮತ್ತೆ ಜೇಬಿಗೆ. ಒಂದು ಕೈಯಲ್ಲಿ ಬಸ್ಸಿನ ಕಂಬಿ, ಇನ್ನೊಂದರಲ್ಲಿ ಫೋನ್. ಅಂಥ ಹೊತ್ತಿನಲ್ಲಿ ಕುಕಿ ಒಪ್ಪಿಗೆ, ನೋಟಿಫಿಕೇಶನ್ ಅನುಮತಿ, "ನಮ್ಮ ಆ್ಯಪ್ ಹಾಕಿಕೊಳ್ಳಿ" ಎಂಬ ಪಟ್ಟಿ, ಅದರ ಕೆಳಗೊಂದು ಜಾಹೀರಾತು, ಇಷ್ಟನ್ನೂ ದಾಟಿ ಸ್ಕೋರ್ ಹುಡುಕಬೇಕೆಂದರೆ ವಿನ್ಯಾಸ ಎಷ್ಟು ಚೆಂದವಿದ್ದೂ ಏನು ಬಂತು?

ಮೊಬೈಲ್ ಕೆಲಸಕ್ಕೆ ಕೈಹಾಕುವಾಗ ಪಂದ್ಯದ ಪುಟವನ್ನು ಎದುರಿಗಿಟ್ಟುಕೊಂಡು ಮೂರು ಪ್ರಶ್ನೆ ಕೇಳಬೇಕು. ಸ್ಕ್ರಾಲ್ ಮಾಡದೆ ಸ್ಕೋರ್ ಕಾಣುತ್ತದೆಯೇ? ಕಂಡ ಮೇಲೆ ಇದ್ದಲ್ಲೇ ಇರುತ್ತದೆಯೇ? ಹಳೆಯದಾಗಿದ್ದರೆ ಹಳೆಯದು ಎಂದು ತಾನೇ ಹೇಳುತ್ತದೆಯೇ? ಮೊದಲ ಎರಡಕ್ಕೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಮೂರನೆಯದು ಯೋಜನೆಯ ಪಟ್ಟಿಗೇ ಬರುವುದಿಲ್ಲ, ಓದುಗರ ನಂಬಿಕೆ ಕಳೆಯುವುದು ಮಾತ್ರ ಅಲ್ಲೇ.

ಬುನಾದಿಯ ಮಾತು ಬೇಗ ಮುಗಿಸಿಬಿಡೋಣ. ಪುಟದ ಅಗಲವನ್ನು ಬ್ರೌಸರಿಗೆ ಹೇಳುವ ವ್ಯೂಪೋರ್ಟ್ ಮೆಟಾ ಟ್ಯಾಗ್‌ನಲ್ಲಿ ಅಗಲ ಸಾಧನದ ಅಗಲಕ್ಕೆ ಸಮ, ಆರಂಭದ ಸ್ಕೇಲ್ 1, ಇಷ್ಟಿದ್ದರೆ ಸಾಕು. ಅದಿಲ್ಲದಿದ್ದರೆ ಮೊಬೈಲ್ ಬ್ರೌಸರ್ ಪುಟವನ್ನು ಸುಮಾರು 980 ಪಿಕ್ಸೆಲ್ ಅಗಲದ್ದೆಂದು ತಿಳಿದು ಕುಗ್ಗಿಸಿ ತೋರಿಸುತ್ತದೆ. ಜೂಮ್ ಮಾಡದಂತೆ ತಡೆಯುವ ಸೂಚನೆ ಸೇರಿಸಲೇಬೇಡಿ. ಕಣ್ಣು ಮಂಜಾದವರಿಗೆ ಅದು ಅಡ್ಡಿ, ಐಫೋನಿನ ಸಫಾರಿ ಐಓಎಸ್ 10ರಿಂದ ಅದಕ್ಕೆ ಕಿವಿಗೊಡುವುದೂ ಇಲ್ಲ. ಹುಡುಕು ಪೆಟ್ಟಿಗೆಯ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಿದ್ದರೆ ಐಫೋನಿನಲ್ಲಿ ಮುಟ್ಟಿದ ಕೂಡಲೇ ಪುಟ ತಾನಾಗಿ ಜೂಮ್ ಆಗುತ್ತದೆ. ಅದನ್ನು ತಡೆಯಲೆಂದೇ ಕೆಲವರು ಜೂಮ್ ಮುಚ್ಚುತ್ತಾರೆ. ಅಕ್ಷರವನ್ನು 16ಕ್ಕೆ ಏರಿಸಿದರೆ ಕೆಲಸ ಮುಗಿಯಿತು. ಮೊಬೈಲಿಗೆಂದು ಬೇರೆ ಸಬ್‌ಡೊಮೈನ್ ಇಟ್ಟುಕೊಂಡವರು ಅದನ್ನು ಮುಚ್ಚಿ ಒಂದೇ ವಿಳಾಸಕ್ಕೆ ಬರುವುದು ಲೇಸು. ಫೋನಿನಿಂದ ಹಂಚಿದ ಕೊಂಡಿ ಕಂಪ್ಯೂಟರಿನಲ್ಲಿ ತೆರೆದಾಗ ಉದ್ದಗಲ ಹಿಗ್ಗಿದ ಮೊಬೈಲ್ ಪುಟ ಕಾಣುವ ರಗಳೆ ಆಗ ತಪ್ಪುತ್ತದೆ.

328 ಪಿಕ್ಸೆಲ್‌ನಲ್ಲಿ ಸ್ಕೋರ್‌ಕಾರ್ಡ್

ಕ್ರೀಡಾ ಸೈಟಿನಲ್ಲಿ ನಿಜವಾದ ಕುಸ್ತಿ ಕೋಷ್ಟಕಗಳ ಜೊತೆಗೆ. 360 ಪಿಕ್ಸೆಲ್ ಅಗಲದ ಫೋನ್ ಎಂದಿಟ್ಟುಕೊಳ್ಳಿ. ಎರಡೂ ಬದಿಗೆ 16ರಂತೆ ಬಿಟ್ಟರೆ ಕೈಗೆ ಸಿಗುವುದು 328. ಬ್ಯಾಟಿಂಗ್ ಸ್ಕೋರ್‌ಕಾರ್ಡ್‌ನಲ್ಲಿ ರನ್, ಎಸೆತ, ಬೌಂಡರಿ, ಸಿಕ್ಸರ್ ಇವಕ್ಕೆ ತಲಾ 36ರಂತೆ 144, ಸ್ಟ್ರೈಕ್ ರೇಟ್‌ಗೆ 56, ಉಳಿದ 128 ಹೆಸರಿಗೆ. ಸರಿಯಾಗಿ ಕೂರುತ್ತದೆ. ಔಟಾದ ವಿವರಕ್ಕೆ ಪ್ರತ್ಯೇಕ ಕಾಲಂ ಕೊಟ್ಟರೆ ಲೆಕ್ಕ ಕೆಡುತ್ತದೆ. ಅದನ್ನು ಆಟಗಾರರ ಹೆಸರಿನ ಕೆಳಗೆ ಎರಡನೇ ಸಾಲಾಗಿ, ಸ್ವಲ್ಪ ಚಿಕ್ಕ ಅಕ್ಷರದಲ್ಲಿ, ಪೂರ್ತಿ ಅಗಲಕ್ಕೆ ಹರಡಿ.

ಫುಟ್‌ಬಾಲ್ ಲೀಗ್ ಪಟ್ಟಿಗೂ ಇದೇ ಅಂಕಗಣಿತ. ಸ್ಥಾನಕ್ಕೆ 28, ತಂಡಕ್ಕೆ 140, ಆಡಿದ ಪಂದ್ಯಕ್ಕೆ 40, ಗೋಲು ವ್ಯತ್ಯಾಸಕ್ಕೆ 48, ಅಂಕಕ್ಕೆ 48, ಸಾಲನ್ನು ಬಿಚ್ಚುವ ಬಾಣಕ್ಕೆ 24. ಗೆಲುವು, ಡ್ರಾ, ಸೋಲಿನ ಎಣಿಕೆಯನ್ನು ಬಿಚ್ಚಿದಾಗ ತೋರಿಸಿದರಾಯಿತು. ಯಾವುದನ್ನು ಮಡಚಿಡಬೇಕು ಎಂಬುದನ್ನು ವಿನ್ಯಾಸಕಾರರಿಗಿಂತ ಕ್ರೀಡಾ ಡೆಸ್ಕಿನವರು ತೀರ್ಮಾನಿಸಲಿ. ಗೋಲು ವ್ಯತ್ಯಾಸವನ್ನು ಅಡಗಿಸಿ ಡ್ರಾ ಎಣಿಕೆಯನ್ನು ಉಳಿಸಿಕೊಂಡರೆ, ಸಮ ಅಂಕದ ಎರಡು ತಂಡಗಳಲ್ಲಿ ಒಂದು ಮೇಲೇಕಿದೆ ಎಂಬುದೇ ಓದುಗರಿಗೆ ತಿಳಿಯದು.

ಹಿಡಿಸದಷ್ಟು ಕಾಲಂಗಳಿದ್ದರೆ ಕೋಷ್ಟಕವನ್ನು ಅಡ್ಡಕ್ಕೆ ಸ್ಕ್ರಾಲ್ ಆಗುವ ಹೊದಿಕೆಯೊಳಗಿಟ್ಟು ಹೆಸರಿನ ಕಾಲಂ ಅನ್ನು ಎಡಕ್ಕೆ ಸ್ಟಿಕಿ ಮಾಡಿ, ಅಂದರೆ ಉಳಿದದ್ದು ಸರಿದರೂ ಅದು ಇದ್ದಲ್ಲೇ ಅಂಟಿರಲಿ. ಇಲ್ಲಿ ಎಡವುವುದು ಮೂರು ಕಡೆ. ಸ್ಟಿಕಿ ಕೋಶಕ್ಕೆ ಹಿನ್ನೆಲೆ ಬಣ್ಣ ಕೊಡದಿದ್ದರೆ ಅದರಡಿ ಹಾದುಹೋಗುವ ಅಂಕಿಗಳು ಹೆಸರಿನ ಮೇಲೆ ಕಲಸಿಕೊಳ್ಳುತ್ತವೆ. ಅಕ್ಕಪಕ್ಕದ ಕೋಶಗಳ ಗೆರೆಗಳನ್ನು ಕೊಲ್ಯಾಪ್ಸ್ ಮಾಡಿದ್ದರೆ (ಒಂದಾಗಿಸಿದ್ದರೆ) ಸ್ಟಿಕಿ ಕೋಶದ ಗೆರೆ ಜೊತೆಗೆ ಬರದೆ ಜಾರಿಹೋಗುತ್ತದೆ, ಸೆಪರೇಟ್ ಇಟ್ಟು ನಡುವಿನ ಅಂತರ 0 ಮಾಡಬೇಕು. ಮೂರನೆಯದು ಎಲ್ಲರನ್ನೂ ಬೆಸ್ತುಬೀಳಿಸುವಂಥದ್ದು: ಅಡ್ಡ ಸ್ಕ್ರಾಲ್ ಕೊಟ್ಟ ಕೂಡಲೇ ಆ ಹೊದಿಕೆ ಎರಡೂ ದಿಕ್ಕಿಗೆ ಸ್ಕ್ರಾಲ್ ಪೆಟ್ಟಿಗೆಯಾಗಿಬಿಡುತ್ತದೆ. ಹಾಗಾಗಿ ಪುಟದ ನೆತ್ತಿಗೆ ಅಂಟಬೇಕಿದ್ದ ತಲೆಸಾಲು ಅಂಟುವುದಿಲ್ಲ. ಎರಡೂ ಬೇಕೆಂದರೆ ಹೊದಿಕೆಗೆ ನಿಗದಿತ ಎತ್ತರ ಕೊಡಬೇಕು, ಆಗ ಪುಟದೊಳಗೆ ಇನ್ನೊಂದು ಸ್ಕ್ರಾಲ್ ಹುಟ್ಟಿ ಬೆರಳು ಸಿಕ್ಕಿಹಾಕಿಕೊಳ್ಳುತ್ತದೆ. ತಲೆಸಾಲನ್ನು ಕೈಬಿಡುವುದೇ ವಾಸಿ.

ಕೋಷ್ಟಕವನ್ನು ಒಡೆದು ತಂಡಕ್ಕೊಂದು ಕಾರ್ಡ್ ಮಾಡುವ ಫ್ಯಾಷನ್ ಒಂದಿದೆ. ನೋಡಲು ಚೆನ್ನ, ಉಪಯೋಗ ಸೊನ್ನೆ. ಪಟ್ಟಿ ಇರುವುದೇ ಮೇಲಿನ ಸಾಲನ್ನು ಕೆಳಗಿನದರ ಜೊತೆ ಹೋಲಿಸಲು. ಮೇಲಾಗಿ ಪುಟದ ರೂಪ ತೀರ್ಮಾನಿಸುವ ಸಿಎಸ್‌ಎಸ್‌ನಲ್ಲಿ ಟೇಬಲ್ಲನ್ನು ಬ್ಲಾಕ್ ಮಾಡಿದರೆ ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರಿಗೆ ಅದು ಕೋಷ್ಟಕವಾಗಿ ಉಳಿಯದೇ ಹೋಗಬಹುದು. ಇನ್ನೊಂದು ಸಣ್ಣ ಕೆಲಸ, ಫಲ ದೊಡ್ಡದು: ಅಂಕಿಗಳಿಗೆ ಟ್ಯಾಬ್ಯುಲರ್ ರೂಪ ಹಚ್ಚಿ. ಫಾಂಟಿನಲ್ಲಿ ಆ ಸೌಲಭ್ಯವಿದ್ದರೆ 1 ಮತ್ತು 8 ಒಂದೇ ಅಗಲ ಹಿಡಿಯುತ್ತವೆ, 111 ಹೋಗಿ 112 ಬಂದಾಗ ಸ್ಕೋರ್ ಕುಣಿಯುವುದಿಲ್ಲ.

ಸ್ಕೋರ್ ತಾಜಾ ಇದೆಯೇ?

ನೇರ ಸ್ಕೋರ್‌ಗೆ ವೆಬ್‌ಸಾಕೆಟ್ (ಸರ್ವರ್ ಜೊತೆ ಸದಾ ತೆರೆದಿಡುವ ಸಂಪರ್ಕ) ಬೇಕೇಬೇಕು ಎಂಬ ನಂಬಿಕೆ ಬಿಡಬಹುದು. ಸುದ್ದಿ ಸೈಟಿಗೆ 15 ಸೆಕೆಂಡಿಗೊಮ್ಮೆ ಮಾಹಿತಿಯಷ್ಟೇ ಇರುವ ಸಣ್ಣ ಜೇಸನ್ ಕಡತ ತರಿಸಿಕೊಳ್ಳುವುದು ಸಾಕು. ಕಡತ 2 ಕೆಬಿ ಇದ್ದರೆ ಗಂಟೆಗೆ 240 ವಿನಂತಿ, 480 ಕೆಬಿ. ಅದರ ಬದಲು ಸಿದ್ಧ ಎಚ್‌ಟಿಎಂಎಲ್ ತುಣುಕನ್ನೇ 60 ಕೆಬಿ ಗಾತ್ರದಲ್ಲಿ ಕಳಿಸಿದರೆ ಗಂಟೆಗೆ 14 ಎಂಬಿ ದಾಟುತ್ತದೆ, ಓದುಗರ ಡೇಟಾ ಕರಗುತ್ತದೆ. 1 ಲಕ್ಷ ಜನ ಒಟ್ಟಿಗೆ ನೋಡುತ್ತಿದ್ದರೆ ಸೆಕೆಂಡಿಗೆ 6,600ಕ್ಕೂ ಹೆಚ್ಚು ವಿನಂತಿ ಬರುತ್ತವೆ. ಆದರೆ ಸಿಡಿಎನ್‌ನಲ್ಲಿ (ನಕಲು ಇಟ್ಟುಕೊಂಡು ಹಂಚುವ ಸರ್ವರ್ ಜಾಲ) 5 ಸೆಕೆಂಡ್ ಕ್ಯಾಷ್ ಇಟ್ಟರೆ ಮೂಲ ಸರ್ವರ್‌ಗೆ ಅದರ ಸಣ್ಣ ಚೂರಷ್ಟೇ ತಲುಪುತ್ತದೆ. ಎಲ್ಲ ಫೋನುಗಳೂ ಒಂದೇ ಕ್ಷಣಕ್ಕೆ ಮುಗಿಬೀಳದಂತೆ ಅಂತರವನ್ನು 12ರಿಂದ 18 ಸೆಕೆಂಡಿನ ನಡುವೆ ಚದುರಿಸಿ. ವಿನಂತಿ ಸೋತರೆ 15, 30, 60, 120 ಹೀಗೆ ಹಿಗ್ಗಿಸುತ್ತ ಹೋಗಿ. ಪಂದ್ಯ ಮುಗಿದ ಮೇಲೂ ಕೇಳುತ್ತಲೇ ಇರುವ ಪುಟಗಳಿಗೇನೂ ಕಡಿಮೆಯಿಲ್ಲ, ಮುಗಿಯಿತೆಂಬ ಗುರುತು ಬಂದ ಕೂಡಲೇ ನಿಲ್ಲಿಸಿ. ಫೋನಿನ ಪರದೆ ಆರಿದಾಗ, ಟ್ಯಾಬ್ ಮರೆಯಾದಾಗ ಪೇಜ್ ವಿಸಿಬಿಲಿಟಿ ಸೂಚನೆ ಹಿಡಿದು ತಡೆಯಿರಿ, ಮರಳಿದ ತಕ್ಷಣ ಒಮ್ಮೆ ತರಿಸಿಕೊಳ್ಳಿ.

ದುರ್ಬಲ ನೆಟ್‌ವರ್ಕಿನಲ್ಲಿ ಉತ್ತರಗಳು ಹಿಂದುಮುಂದಾಗಿ ಬರುತ್ತವೆ. 142 ತೋರಿಸಿದ ಮೇಲೆ ತಡವಾಗಿ ಬಂದ ಹಳೆಯ ಉತ್ತರ 140ಕ್ಕೆ ಇಳಿಸಿಬಿಡುತ್ತದೆ. ಕಡಿಮೆ ರನ್ ಬಂದರೆ ಒಪ್ಪಬೇಡ ಎಂದು ನಿಯಮ ಬರೆದರೆ ಅದೂ ತಪ್ಪು. ಫುಟ್‌ಬಾಲಿನಲ್ಲಿ ವಿಎಆರ್, ಅಂದರೆ ವಿಡಿಯೊ ಮರುಪರಿಶೀಲನೆ, ನೋಡಿ ಗೋಲು ರದ್ದಾಗುತ್ತದೆ, ಮೂರನೇ ಅಂಪೈರ್ ನಾಲ್ಕನ್ನು ಮೂರು ಮಾಡುತ್ತಾರೆ; ಸ್ಕೋರ್ ನಿಜವಾಗಿಯೂ ಇಳಿಯುವ ಸಂದರ್ಭಗಳಿವೆ. ಪ್ರತಿ ಅಪ್‌ಡೇಟ್‌ಗೂ ಸರ್ವರ್ ಏರುವ ಕ್ರಮಸಂಖ್ಯೆ ಕೊಡಲಿ, ಫೋನ್ ಅದನ್ನೊಂದೇ ಹೋಲಿಸಿ ಹಳೆಯದನ್ನು ಬಿಸಾಡಲಿ.

ಇನ್ನು ಆ ಮೂರನೇ ಪ್ರಶ್ನೆ. ಸ್ಕೋರ್ ಪಕ್ಕದಲ್ಲೇ "20 ಸೆಕೆಂಡ್ ಹಿಂದಿನದು" ಎಂದಿರಲಿ. 60 ಸೆಕೆಂಡ್ ದಾಟಿದರೆ ಸ್ಕೋರ್ ಮಂಕಾಗಿ "ಸಂಪರ್ಕವಿಲ್ಲ, ಇದು ಹಳೆಯ ಸ್ಕೋರ್" ಎಂಬ ಮಾತು ಕಾಣಲಿ. ಇದಕ್ಕೆ ಬ್ರೌಸರಿನ ಆನ್‌ಲೈನ್ ಸೂಚನೆಯನ್ನು ನೆಚ್ಚಬೇಡಿ. ಏನೋ ಒಂದು ನೆಟ್‌ವರ್ಕಿಗೆ ಫೋನ್ ಅಂಟಿಕೊಂಡಿದೆ ಎಂದಷ್ಟೇ ಅದರ ಅರ್ಥ, ಕಿಕ್ಕಿರಿದ ಕ್ರೀಡಾಂಗಣದಲ್ಲಿ ಅಂಟಿಕೊಂಡಿದ್ದೂ ಏನೂ ಬರದಿರಬಹುದು. ಕೊನೆಯ ಯಶಸ್ವಿ ಉತ್ತರ ಬಂದು ಎಷ್ಟು ಹೊತ್ತಾಯಿತು ಎಂಬುದೇ ಅಳತೆಗೋಲು. ಫೋನಿನ ಗಡಿಯಾರ ತಪ್ಪಿರಬಹುದಾದ್ದರಿಂದ ಸರ್ವರ್ ಸಮಯವನ್ನು ಅದರ ಜೊತೆ ತಾಳೆ ನೋಡುವುದೂ ಬೇಡ.

ಇದೇ ಸಾಲಿಗೆ ಸೇರುವ ಇನ್ನೊಂದು ಹಳ್ಳ ಬ್ಯಾಕ್ ಗುಂಡಿ. ಬ್ರೌಸರ್ ಹಿಂದಿನ ಪುಟವನ್ನು ನೆನಪಿನಿಂದ ಇದ್ದ ಹಾಗೇ ಎತ್ತಿ ತೋರಿಸುತ್ತದೆ. ಕ್ಷಣದಲ್ಲಿ ತೆರೆಯುತ್ತದೆ, ಒಳ್ಳೆಯದೇ. ಆದರೆ ಅದರಲ್ಲಿರುವುದು ಹತ್ತು ನಿಮಿಷ ಹಿಂದಿನ ಸ್ಕೋರ್. ಪುಟ ಕಾಣಿಸಿಕೊಂಡಾಗಿನ ಪೇಜ್‌ಶೋ ಘಟನೆಯಲ್ಲಿ ಪರ್ಸಿಸ್ಟೆಡ್ ಎಂಬ ಗುರುತಿದ್ದರೆ ಕೂಡಲೇ ಹೊಸದನ್ನು ತರಿಸಿ. ಪುಟ ಬಿಡುವಾಗಿನ ಅನ್‌ಲೋಡ್ ಘಟನೆಗೆ ಕೋಡ್ ಕಟ್ಟುವ ಹಳೆಯ ಜಾಹೀರಾತು ಸ್ಕ್ರಿಪ್ಟ್‌ಗಳು ಈ ಸೌಲಭ್ಯಕ್ಕೇ ಕಲ್ಲು ಹಾಕಬಲ್ಲವು, ಅವನ್ನು ಹುಡುಕಿ ತೆಗೆಯಿರಿ.

ಕಾಲಡಿಯ ನೆಲ ಜಾರಬಾರದು

ಕಾಮೆಂಟರಿ ಓದುತ್ತಿರುವವರ ತಲೆಯ ಮೇಲೆ ಹೊಸ ಸಾಲು ಸೇರಿಸಿದರೆ ಓದುತ್ತಿದ್ದುದು ಕೆಳಗೆ ಓಡುತ್ತದೆ. ಕೆಲವು ಬ್ರೌಸರ್‌ಗಳು ಸ್ಕ್ರಾಲನ್ನು ತಾವೇ ಹಿಡಿದಿಡುತ್ತವೆ, ಎಲ್ಲವೂ ಹಾಗೆ ಮಾಡುತ್ತವೆಂದು ನೆಚ್ಚಲಾಗದು. ಓದುಗರು ಮೇಲ್ತುದಿಯಲ್ಲಿದ್ದರೆ ನೇರ ಸೇರಿಸಿ. ಕೆಳಗಿಳಿದಿದ್ದರೆ "3 ಹೊಸ ಅಪ್‌ಡೇಟ್" ಎಂಬ ಗುಂಡಿ ತೋರಿಸಿ, ಮುಟ್ಟಿದಾಗ ಸೇರಿಸಿ. ಬದಲಾವಣೆಯನ್ನು ಸ್ಕ್ರೀನ್ ರೀಡರ್‌ಗೆ ಹೇಳುವ ಏರಿಯಾ ಲೈವ್ ಗುರುತನ್ನು ಸ್ಕೋರ್ ಸಾಲಿಗೆ ಮಾತ್ರ, ಮಾತಿನ ನಡುವೆ ಬಾಯಿಹಾಕದ ಪೊಲೈಟ್ ಬಗೆಯಲ್ಲಿ ಇಡಿ. ಇಡೀ ಕಾಮೆಂಟರಿಗೆ ಇಟ್ಟರೆ ಫೋನ್ ಬಾಯಿ ಮುಚ್ಚುವುದೇ ಇಲ್ಲ.

ಪುಟ ಜಿಗಿಯುವುದಕ್ಕೆ ದೊಡ್ಡ ಕಾರಣ ಜಾಹೀರಾತು. 300×250 ಗಾತ್ರದ ಜಾಗಕ್ಕೆ ಮೊದಲೇ 250 ಪಿಕ್ಸೆಲ್ ಕನಿಷ್ಠ ಎತ್ತರ ಕೊಡಿ, ಜಾಹೀರಾತು ಬಾರದಿದ್ದರೂ ಮಡಚಬೇಡಿ. ಖಾಲಿ ಬಿಟ್ಟರೆ ಅಸಹ್ಯ ಎಂದು ವ್ಯಾಪಾರ ವಿಭಾಗ ಗೊಣಗುತ್ತದೆ. ಅಲ್ಲೊಂದು ಹಳೆಯ ಸುದ್ದಿಯ ಕೊಂಡಿ ಇಟ್ಟು ಸಮಾಧಾನ ಮಾಡಿ. ಚಿತ್ರಗಳಿಗೆ ಅಗಲ, ಎತ್ತರ ಎರಡನ್ನೂ ಬರೆಯಿರಿ. ಮೊದಲ ಪರದೆಯ ದೊಡ್ಡ ಚಿತ್ರಕ್ಕೆ ಲೇಜಿ ಲೋಡಿಂಗ್ (ಪರದೆಯ ಹತ್ತಿರ ಬಂದಾಗಷ್ಟೇ ತರಿಸುವುದು) ಹಾಕಿದರೆ ಅದು ತಡವಾಗಿ ಬರುತ್ತದೆ, ಉಳಿದವಕ್ಕೆ ಮಾತ್ರ ಹಾಕಿ. ವಿಡಿಯೊ ಪ್ಲೇಯರನ್ನು ಮೊದಲೇ ಇಳಿಸದೆ ಒಂದು ಚಿತ್ರ ಮತ್ತು ಪ್ಲೇ ಗುರುತು ಇಟ್ಟು, ಮುಟ್ಟಿದಾಗ ಪ್ಲೇಯರ್ ತರಿಸಿ. ಗೂಗಲ್‌ನ ಕೋರ್ ವೆಬ್ ವೈಟಲ್ಸ್ ಗುರಿಗಳೂ ಇಲ್ಲೇ ಹೊಂದುತ್ತವೆ: ಮುಖ್ಯ ಅಂಶ 2.5 ಸೆಕೆಂಡಿನೊಳಗೆ, ಮುಟ್ಟಿದ್ದಕ್ಕೆ ಸ್ಪಂದನ 200 ಮಿಲಿಸೆಕೆಂಡಿನೊಳಗೆ, ಜಿಗಿತದ ಅಂಕ 0.1ರೊಳಗೆ, ಅದೂ ನಾಲ್ಕರಲ್ಲಿ ಮೂರು ಭೇಟಿಗಳಲ್ಲಾದರೂ.

ಬೆರಳಿನ ಮಾತು. ಆ್ಯಪಲ್ 44 ಪಾಯಿಂಟ್ ಎನ್ನುತ್ತದೆ, ಗೂಗಲ್‌ನ ಮೆಟೀರಿಯಲ್ ಡಿಸೈನ್ 48. ಲೀಗ್ ಪಟ್ಟಿಯ ಸಾಲಿನ ಪುಟ್ಟ ಬಾಣಕ್ಕೆ 24 ಪಿಕ್ಸೆಲ್ ಕೊಟ್ಟಿದ್ದೆವಲ್ಲ, ಮುಟ್ಟುವ ಜಾಗ ಇಡೀ ಸಾಲಾಗಿರಲಿ, ಎತ್ತರ 48. ನಾಲ್ಕೈದು ವಿಭಾಗಗಳಿದ್ದರೆ ಮೆನುವನ್ನು ಮೂರು ಗೆರೆಯ ಹಿಂದೆ ಬಚ್ಚಿಡದೆ ಕೆಳಗಿನ ಪಟ್ಟಿಯಲ್ಲಿ ಬಯಲಿಗಿಡಿ, ಹೆಬ್ಬೆರಳು ಅಲ್ಲಿಗೇ ಎಟಕುವುದು. ಆದರೆ ಅದೇ ಜಾಗಕ್ಕೆ ಅಂಟುವ ಜಾಹೀರಾತನ್ನೂ ತಂದು ಕೂರಿಸಿದರೆ ತಪ್ಪು ಮುಟ್ಟುಗಳ ಸುಗ್ಗಿ.

ಸೈಟ್ ಕನ್ನಡದಲ್ಲಿದ್ದರೆ ಒಂದಿಷ್ಟು ಹೆಚ್ಚಿನ ಎಚ್ಚರ ಬೇಕು. ಲ್ಯಾಟಿನ್ ಲಿಪಿಗೆಂದು ಇಟ್ಟ 1.2ರ ಸಾಲಿನ ಎತ್ತರದಲ್ಲಿ ಒತ್ತಕ್ಷರಗಳು ಕೆಳಸಾಲಿಗೆ ತಾಗುತ್ತವೆ, 1.6ರ ಆಸುಪಾಸು ಬೇಕು. ಶೀರ್ಷಿಕೆಯನ್ನು ಎರಡು ಸಾಲಿಗೆ ಕತ್ತರಿಸುವ ಪೆಟ್ಟಿಗೆಯಲ್ಲಿ ಕೊನೆಯ ಸಾಲಿನ ಒತ್ತು ಅರ್ಧಕ್ಕೆ ಮಾಯವಾಗುವುದುಂಟು, ಕೆಳಗೆ ಸ್ವಲ್ಪ ಪ್ಯಾಡಿಂಗ್ ಬಿಡಿ. ಅಕ್ಷರ ಎಣಿಸಿ ಕತ್ತರಿಸುವ ಕೋಡಂತೂ ಬೇಡವೇ ಬೇಡ: "ವಿಶ್ವಕಪ್" ನಾಲ್ಕನೇ ಕೋಡ್ ಪಾಯಿಂಟ್‌ಗೆ (ಕಂಪ್ಯೂಟರ್ ಎಣಿಸುವ ಅಕ್ಷರದ ಬಿಡಿ ತುಣುಕು) ತುಂಡಾದರೆ ಉಳಿಯುವುದು "ವಿಶ್". ಪದದ ಗಡಿಯಲ್ಲೇ ನಿಲ್ಲಿಸಿ. ಫಾಂಟ್ ಹಗುರ ಮಾಡುವಾಗ ಅಕ್ಷರ ಕೂಡಿಸುವ ನಿಯಮಗಳಿರುವ ಲೇಔಟ್ ಕೋಷ್ಟಕಗಳನ್ನು ಕಿತ್ತುಹಾಕಿದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಅರ್ಧಾಕ್ಷರದ ಗುರುತಿನೊಂದಿಗೆ ಕಾಣುತ್ತವೆ.

ಪರೀಕ್ಷೆಗೆ ಕಂಪ್ಯೂಟರಿನ ಕಿರಿದಾಗಿಸಿದ ಕಿಟಕಿ ಸಾಲದು; ಕಡಿಮೆ ರ‍್ಯಾಮಿನ ಹಳೆಯ ಆ್ಯಂಡ್ರಾಯ್ಡ್ ಫೋನ್ ಒಂದಿರಲಿ. ನೇರ ಪಂದ್ಯದ ಪುಟ ತೆರೆದು ಏರೋಪ್ಲೇನ್ ಮೋಡ್ ಹಾಕಿ ಎರಡು ನಿಮಿಷ ಕಾಯಿರಿ. ಸ್ಕೋರ್ ಮಂಕಾಗಬೇಕು. ಮೋಡ್ ತೆಗೆದ ಮೇಲೆ ರಿಫ್ರೆಶ್ ಮಾಡದೆಯೇ ಅದು ಚೇತರಿಸಿಕೊಳ್ಳಬೇಕು. ಹಿಗ್ಗಿದ ಅಂತರದಿಂದಾಗಿ 120 ಸೆಕೆಂಡ್ ಸುಮ್ಮನೆ ಕೂತರೆ, ಆನ್‌ಲೈನ್ ಘಟನೆ ಬಂದಾಗ ಎಣಿಕೆಯನ್ನು ಮತ್ತೆ 15ಕ್ಕೆ ತರುವುದು ಬಿಟ್ಟುಹೋಗಿದೆ ಎಂದರ್ಥ. ಆಮೇಲೆ ಫೋನಿನ ಅಕ್ಷರಗಾತ್ರವನ್ನು ಅತಿ ದೊಡ್ಡದಕ್ಕೆ ಏರಿಸಿ, 320 ಪಿಕ್ಸೆಲ್ ಅಗಲದಲ್ಲೂ ಒಮ್ಮೆ ನೋಡಿ. ಅಲ್ಲಿ ಮೊದಲು ಮುರಿಯುವುದು ತಂಡದ ಹೆಸರಿನ ಕಾಲಂ. ಮೂರಕ್ಷರದ ಸಂಕ್ಷಿಪ್ತ ಹೆಸರನ್ನು ಡೇಟಾದಲ್ಲೇ ಮೊದಲಿನಿಂದ ಇಟ್ಟುಕೊಂಡಿದ್ದರೆ ಅದನ್ನು ಸರಿಪಡಿಸಲು ಹತ್ತು ನಿಮಿಷ ಸಾಕು.