ಎಡಗಡೆ ಚೀಲ ತುಂಬುತ್ತಲೇ ಇರಲಿಲ್ಲ: ಬೋಟಿನ ಬ್ಯಾಲಾಸ್ಟ್ ಕೆಲಸ, ಮೂರನೇ ವಾರ

ಈ ಶನಿವಾರ ಬೋಟ್ ಮೊದಲ ಸಲ ವಾಲದೆ ಓಡಿತು. ಸ್ಟೀರಿಂಗ್ ಇನ್ನೂ ಸ್ವಲ್ಪ ಎಳೆಯುತ್ತದೆ, ಅದು ಬಾಕಿ ಇದೆ. ಆದರೆ ಮೂರು ವಾರದಿಂದ ತಲೆ ತಿನ್ನುತ್ತಿದ್ದ ವಿಷಯ ಬಗೆಹರಿಯಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ನಾವಿರುವುದು ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ. ಓಡಿಸುವುದು ಲೇಕ್ ಟ್ರಾವಿಸ್‌ನಲ್ಲಿ, ಮ್ಯಾನ್ಸ್‌ಫೀಲ್ಡ್ ಡ್ಯಾಮಿನ ಹಿನ್ನೀರು ಅದು. ಬೋಟ್ 21 ಅಡಿಯ ಹಳೆಯ ವಿ-ಡ್ರೈವ್, ಎಂಜಿನ್ ಹಿಂಭಾಗದಲ್ಲಿದೆ. ಬೋಟಿಗೆ ಕಟ್ಟಿದ ಹಗ್ಗ ಹಿಡಿದು, ಬೋರ್ಡ್ ಮೇಲೆ ನಿಂತು, ಬೋಟಿನ ಹಿಂದೆ ಏಳುವ ಅಲೆಯಿಂದ ಹಾರುವ ಆಟ ವೇಕ್‌ಬೋರ್ಡಿಂಗ್. ವೇಕ್‌ಬೋರ್ಡಿಂಗ್‌ಗೆ ಬೋಟ್ ಭಾರವಿದ್ದಷ್ಟೂ ಹಿಂದೆ ಏಳುವ ಅಲೆ ದೊಡ್ಡದು. ಅದಕ್ಕೇ ಸರೋವರದ ನೀರನ್ನೇ ಪಂಪ್ ಮಾಡಿ ಚೀಲಗಳಿಗೆ ತುಂಬುತ್ತೇವೆ, ಈ ಭಾರಕ್ಕೇ ಬ್ಯಾಲಾಸ್ಟ್ ಅನ್ನುವುದು. ನಮ್ಮಲ್ಲಿ ಹಿಂದೆ ಎಡಕ್ಕೊಂದು ಬಲಕ್ಕೊಂದು 400 ಪೌಂಡಿನ ಚೀಲ, ಅಂದರೆ ತಲಾ ಸುಮಾರು 180 ಲೀಟರ್ ನೀರು. ಮುಂದೆ ಮೂತಿಯಲ್ಲಿ 650 ಪೌಂಡಿನದು ಒಂದು.

ತೊಂದರೆ ಮೊದಲು ಹೇಳಿದ್ದು ಮಗಳು. ಬೋರ್ಡ್ ಮೇಲೆ ನಿಲ್ಲುವವಳು ಅವಳೇ ಅಲ್ವಾ. "ಅಪ್ಪಾ, ಬಲಗಡೆ ಅಲೆ ಗಟ್ಟಿಯಾಗಿದೆ, ಎಡಗಡೆದು ಬರೀ ನೊರೆ, ಹಾರೋಕೆ ಹೋದ್ರೆ ಕಾಲ ಕೆಳಗೆ ಏನೂ ಸಿಗಲ್ಲ" ಅಂದಳು. ವೇಗ ಗಂಟೆಗೆ 22 ಮೈಲಿ, ಹಗ್ಗ 65 ಅಡಿ. ಡ್ರೈವರ್ ಸೀಟಿನಿಂದ ನೋಡಿದರೆ ಬೋಟ್ ಬಲಕ್ಕೆ ವಾಲಿದ್ದು ಗೊತ್ತಾಗುತ್ತಿತ್ತು. ಒಂದು ಕಡೆ ಅಲೆ ನೊರೆಯಾಗಿ ಒಡೆಯುತ್ತಿದ್ದರೆ ಅದೇ ಕಡೆಗೆ ಭಾರ ಸರಿಸಬೇಕು, ಇದು ವೇಕ್‌ಬೋರ್ಡಿಂಗ್ ಮಾಡುವವರೆಲ್ಲ ಹೇಳುವ ಮಾತು. ಅದರಂತೆ ಜನರನ್ನು ಎಡಕ್ಕೆ ಕೂರಿಸಿದೆ. ಸ್ವಲ್ಪ ಸರಿಯಾಯಿತು. ಮುಂದಿನ ಸುತ್ತಿಗೆ ಮತ್ತೆ ಅದೇ ಕಥೆ.

ನಾನು ಸಾಗರದವನು. ಚಿಕ್ಕಂದಿನಲ್ಲಿ ಸಿಗಂದೂರಿಗೆ ಹೋಗುವಾಗ ಲಾಂಚಿನಲ್ಲಿ ಬಸ್ಸು ಎಲ್ಲಿ ನಿಲ್ಲಬೇಕು, ಜೀಪು ಎಲ್ಲಿ ನಿಲ್ಲಬೇಕು ಅಂತ ಲಾಂಚಿನವರು ಕೈ ಮಾಡಿ ತೋರಿಸುತ್ತಿದ್ದುದು ಈ ಮೂರು ವಾರದಲ್ಲಿ ಎಷ್ಟೋ ಸಲ ನೆನಪಾಯಿತು. ಅವರು ಗಾಡಿಯನ್ನು ಕಣ್ಣಾರೆ ನೋಡಿ ಹೇಳುತ್ತಿದ್ದರು. ನಾನು ನೋಡುತ್ತಿದ್ದದ್ದು ಸ್ಕ್ರೀನನ್ನು.

ಸ್ಕ್ರೀನ್ ಮೇಲೆ ಮೂರೂ ಚೀಲ ನೂರಕ್ಕೆ ನೂರು ತುಂಬಿದೆ ಅಂತ ಬರುತ್ತಿತ್ತು. ಆದರೆ ನಮ್ಮ ಬೋಟಿನಲ್ಲಿ ನೀರಿನ ಮಟ್ಟ ಅಳೆಯುವ ಸೆನ್ಸರ್ ಇಲ್ಲವೇ ಇಲ್ಲ! ಪಂಪ್ ಆರು ನಿಮಿಷ ಓಡಿದರೆ ಚೀಲ ತುಂಬಿದೆ ಅಂತ ಲೆಕ್ಕ, ಅಷ್ಟೇ. ಪಂಪ್ ಆರು ನಿಮಿಷ ಗಾಳಿ ಎಳೆದರೂ ಅದು ಅದನ್ನೇ ತೋರಿಸುತ್ತದೆ. ಇದು ನನಗೆ ಮೊದಲೇ ಗೊತ್ತಾಗಿದ್ದರೆ ಎರಡು ವಾರ ಉಳಿಯುತ್ತಿತ್ತು.

ಕಳೆದ ಭಾನುವಾರ ಬೋಟನ್ನು ಜೆಟ್ಟಿಗೆ ಕಟ್ಟಿ, ಎಲ್ಲರನ್ನೂ ಇಳಿಸಿ, ನೆಲದ ಮೇಲೆ ರಸಮಟ್ಟ ಇಟ್ಟು, ಹಿಂದಿನ ಎರಡೂ ಚೀಲಕ್ಕೆ ನೀರು ಬಿಟ್ಟೆ. ಮುಚ್ಚಳ ತೆಗೆದು ಸ್ಕೇಲ್ ಹಿಡಿದು ಅಳೆದರೆ ಬಲ ಚೀಲ 14 ಇಂಚು ಎತ್ತರ, ಎಡದ್ದು 8. ಎಡ ಪಂಪಿನ ಸದ್ದೂ ಬೇರೆ. ನೀರು ಎಳೆಯುವ ಪಂಪಿನದು ಮಂದ ಸದ್ದು, ಇದು ಕೀರಲು ದನಿಯಲ್ಲಿ ಕೂಗುತ್ತಿತ್ತು. ನಮ್ಮದು ಏರೇಟರ್ ಪಂಪ್, ತಾನಾಗಿ ನೀರನ್ನು ಮೇಲಕ್ಕೆ ಎಳೆದುಕೊಳ್ಳುವುದಿಲ್ಲ, ನೀರು ಅದರ ಹತ್ತಿರ ತಾನೇ ಬರಬೇಕು. ಎಡಗಡೆ ಹೋಸ್ ಒಂದು ಕಡೆ ಗೂನು ಬೆನ್ನಿನ ಹಾಗೆ ಮೇಲೆದ್ದು ಇಳಿದಿತ್ತು. ಆ ಗೂನಿನಲ್ಲಿ ಗಾಳಿ ಸಿಕ್ಕಿಕೊಂಡು ನೀರನ್ನು ತಡೆಯುತ್ತಿತ್ತು. ಹೋಸ್ ಕತ್ತರಿಸಿ, ಪಂಪನ್ನು ಸರೋವರದ ನೀರು ಒಳಗೆ ಬರುವ ತಳದ ವಾಲ್ವಿಗೆ ಹತ್ತಿರ ತಗ್ಗಿಗೆ ತಂದು, ಅಲ್ಲಿಂದ ಹೋಸ್ ಏರುತ್ತಲೇ ಹೋಗುವ ಹಾಗೆ ಕಟ್ಟಿದೆ. ಎರಡು ಗಂಟೆ ಹಿಡಿಯಿತು, ಮೊಣಕೈ ತರಚಿತು. ಆಮೇಲೆ ಎರಡೂ ಕಡೆ 14 ಇಂಚು ಬಂತು.

ಇಷ್ಟಕ್ಕೇ ಮುಗಿಯಿತು ಅಂದುಕೊಂಡೆ. ಇಪ್ಪತ್ತು ನಿಮಿಷ ಓಡಿಸಿ ಬಂದು ಅಳೆದರೆ ಎಡ ಚೀಲ 11! ಎಲ್ಲೂ ಸೋರಿಲ್ಲ, ಕೆಳಗೆ ಬಿಲ್ಜ್, ಅಂದರೆ ಬೋಟಿನ ಒಳತಳ, ಒಣಗಿದೆ. ಹಾಗಾದರೆ ಬಂದ ದಾರಿಯಲ್ಲೇ ವಾಪಸ್ ಹೋಗಿರಬೇಕು. ಈ ಥರದ ಪಂಪ್ ನಿಂತಾಗ ನೀರನ್ನು ತಡೆಯುವುದಿಲ್ಲ, ಬೋಟ್ ವೇಗವಾಗಿ ಓಡುವಾಗ ಚೀಲದ ನೀರು ಅದರ ಮೂಲಕವೇ ಹೊರಗೆ ಹರಿಯಬಹುದು. ಖಚಿತ ಮಾಡಿಕೊಳ್ಳಲು ಚೀಲ ತುಂಬಿದ ಮೇಲೆ ತಳದ ವಾಲ್ವನ್ನು ಕೈಯಿಂದ ಮುಚ್ಚಿ ಮತ್ತೆ ಅಷ್ಟೇ ಹೊತ್ತು ಓಡಿಸಿದೆವು. 14 ಇಂಚು ಹಾಗೇ ಇತ್ತು. ನೀರನ್ನು ಒಂದೇ ದಿಕ್ಕಿಗೆ ಬಿಡಬೇಕಾದ, ಹೋಸಿನಲ್ಲಿದ್ದ ಚೆಕ್ ವಾಲ್ವ್ ಬಿಚ್ಚಿ ನೋಡಿದರೆ ಬಾಗಿಲ ಸಂದಿಯಲ್ಲಿ ಒಂದು ಚೂರು ಪಾಚಿ ಸಿಕ್ಕಿಕೊಂಡಿತ್ತು. ತೊಳೆದು ಹಾಕಿದೆ.

ಈಗ ಮೂತಿಯ ಚೀಲದ ವಿಷಯ. ನೀರು ಒಳಗೆ ನುಗ್ಗೀತು ಅಂತ ಹೆದರಿ ಇಷ್ಟು ದಿನ ಅದನ್ನು ಖಾಲಿ ಬಿಟ್ಟಿದ್ದೆ, ಸ್ಕ್ರೀನ್ ತುಂಬಿದೆ ಅಂದರೂ ಅದರ ವಾಲ್ವ್ ಮುಚ್ಚಿಯೇ ಇತ್ತು. ಭಾರವೆಲ್ಲ ಹಿಂದೆ ಇದ್ದದ್ದರಿಂದ ಮೂತಿ ಮೇಲೆದ್ದು, ಬೋಟ್ ಓಡಿಸುತ್ತಿದ್ದ ನನ್ನ ಹೆಂಡತಿಗೆ ಮುಂದಿನದು ಕಾಣುತ್ತಿರಲಿಲ್ಲ. ವೇಗ ಗಂಟೆಗೆ 26 ಮೈಲಿ ದಾಟಿದರೆ ಮೂತಿ ಏಳುತ್ತಾ ಬೀಳುತ್ತಾ ಕುಪ್ಪಳಿಸುತ್ತಿತ್ತು. ಅರ್ಧ ತುಂಬಿದೆ, ಸುಮಾರು 300 ಪೌಂಡ್. ಬೋಟ್ ಬೇಗ ಮಟ್ಟಕ್ಕೆ ಬಂತು, ಕುಪ್ಪಳಿಸುವುದು ನಿಂತಿತು. ಅಲೆಯೂ ಗೋಡೆಯ ಹಾಗೆ ಕಡಿದಾಗಿರದೆ ಉದ್ದಕ್ಕೆ ಇಳಿಜಾರಾಗಿ ಬಂತು, ಮಗಳಿಗೆ ಅದೇ ಇಷ್ಟ. ಪೂರ್ತಿ ತುಂಬಿಯೂ ನೋಡಿದೆವು. ಬಿದ್ದವಳನ್ನು ಕರೆದುಕೊಳ್ಳಲು ವೇಗ ಇಳಿಸಿ ತಿರುಗಿದಾಗ ನಮ್ಮದೇ ಅಲೆ ಮೂತಿಯ ಮೇಲೆ ಹತ್ತಿ ಒಂದಿಷ್ಟು ನೀರು ಒಳಗೆ ಬಂತು. ಹಾಗಾಗಿ ಅರ್ಧಕ್ಕಿಂತ ಜಾಸ್ತಿ ಬೇಡ ಅಂತ ತೀರ್ಮಾನ ಮಾಡಿದ್ದೇವೆ. ಮುಂದೆ ಯಾರಾದರೂ ಕೂತರೆ ಅಷ್ಟು ನೀರನ್ನೂ ಕಡಿಮೆ ಮಾಡುತ್ತೇವೆ, ಜನ ಮತ್ತು ನೀರು ಎರಡನ್ನೂ ಕೂಡಿಸಿ ಬೋಟಿನ ಪ್ಲೇಟ್ ಮೇಲೆ ಬರೆದಿರುವ ಮಿತಿಯೊಳಗೇ ಇರುತ್ತೇವೆ.

ಮನೆಗೆ ಹೊರಡುವ ಮುಂಚೆ ಮೂರೂ ಚೀಲ ಪೂರ್ತಿ ಖಾಲಿ ಮಾಡಲೇಬೇಕು. ಟ್ರಾವಿಸ್‌ನಲ್ಲಿ 2017ರಿಂದ ಜೀಬ್ರಾ ಮಸಲ್ ಅನ್ನುವ ಚಿಪ್ಪುಜೀವಿ ಸೇರಿಕೊಂಡಿದೆ. ಅದರ ಮರಿಗಳು ಕಣ್ಣಿಗೆ ಕಾಣುವುದಿಲ್ಲ, ಚೀಲದಲ್ಲಿ ಉಳಿದ ಒಂದು ಲೋಟ ನೀರಿನಲ್ಲೂ ಬೇರೆ ಸರೋವರಕ್ಕೆ ಹೋಗಬಹುದು. ಬೋಟಿನ ನೀರು ಖಾಲಿ ಮಾಡಬೇಕು ಅಂತ ಟೆಕ್ಸಾಸ್‌ನಲ್ಲಿ ಕಾನೂನೇ ಇದೆ. ಪಂಪ್ ಕೊನೆಯ ಎರಡು ಮೂರು ಲೀಟರ್ ಬಿಟ್ಟುಬಿಡುತ್ತದೆ, ಅದನ್ನು ನಾವು ಚೀಲ ಸುತ್ತಿ ಹಿಂಡಿ ತೆಗೆಯುತ್ತೇವೆ. ಬೇಸರದ ಕೆಲಸ ನಿಜ, ಆದರೆ ಈ ನೀರಿನಲ್ಲಿ ಆಡಿ ಸಂತೋಷಪಡುವವರು ಇಷ್ಟು ಮಾಡಲೇಬೇಕು ಅಂತ ನನಗೆ ಅನ್ನಿಸುತ್ತದೆ.

ಉಳಿದದ್ದು ಸ್ಟೀರಿಂಗ್. ಚೀಲ ಖಾಲಿ ಇದ್ದಾಗಲೂ ಕೈ ಬಿಟ್ಟರೆ ಒಂದು ಕಡೆಗೇ ಹೋಗುತ್ತದೆ. ಒಂದೇ ಪ್ರೊಪೆಲರ್ ಇರುವ ಇನ್‌ಬೋರ್ಡ್‌ನಲ್ಲಿ (ಎಂಜಿನ್ ಬೋಟಿನ ಒಳಗಿರುವುದು) ಸ್ವಲ್ಪ ಎಳೆತ ಇದ್ದೇ ಇರುತ್ತದೆ, ನಮ್ಮದು ಅದಕ್ಕಿಂತ ಜಾಸ್ತಿ. ಮುಂದಿನ ವಾರ ಟ್ರೇಲರ್ ಮೇಲೆ ಹತ್ತಿಸಿ ಬೋಟನ್ನು ತಿರುಗಿಸುವ ರಡ್ಡರ್ ಅಲ್ಲಾಡುತ್ತಿದೆಯಾ, ಕೇಬಲ್ ಬಿಗಿಯಾಗಿದೆಯಾ ಅಂತ ನೋಡುತ್ತೇನೆ. ಗ್ರೀಸ್ ಗನ್ ಈಗಾಗಲೇ ತಂದಿಟ್ಟಿದ್ದೇನೆ.